ಸೂಜಿಗಿಂತ ಮೊದಲು ಕ್ಯಾಲೆಂಡರ್

ಕೋಲಾರದ ಒಂದು ಆಸ್ಪತ್ರೆಯಲ್ಲಿ ನಾನು ರಿಸರ್ಚ್ ನರ್ಸ್. ಮಾತ್ರೆಗಳಿಗೆ ಬಗ್ಗದ ಮೈಗ್ರೇನ್ ಇರುವವರಿಗೆ ತಲೆಯ ಹಿಂಭಾಗದ ನರದ ಪಕ್ಕ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಉಪಯೋಗ ಇದೆಯಾ ಅಂತ ಪರೀಕ್ಷೆ ಮಾಡುತ್ತಿದ್ದೇವೆ. ಚುಚ್ಚುವುದು ಡಾಕ್ಟರು, ಕೆಲವೇ ನಿಮಿಷದ ಕೆಲಸ. ನೋವಿನ ದಿನಗಳ ಲೆಕ್ಕ ಬರೆಸುವುದು ನನ್ನ ಪಾಲು.

ತಿಂಗಳಿಗೆ 15 ದಿನ ಅಥವಾ ಇನ್ನೂ ಜಾಸ್ತಿ ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ, ಹೀಗೇ 3 ತಿಂಗಳಿಗೂ ಮೀರಿ ನಡೆದಿರಬೇಕು. ಆಗಲೇ ಅದು ಕ್ರಾನಿಕ್ ಮೈಗ್ರೇನ್. ಆದರೆ ಕೇಳಿದರೆ ಎಲ್ಲರೂ "ದಿನಾ ಇರುತ್ತೆ ಸಿಸ್ಟರ್" ಅಂತಲೇ ಹೇಳುತ್ತಾರೆ. ಅದಕ್ಕೇ ಸೂಜಿಗೆ ಮೊದಲು 4 ವಾರ ಡೈರಿ. ನಾವು ಕೊಟ್ಟ ಪುಸ್ತಕ ಬ್ಯಾಗಿನಿಂದ ಆಚೆ ಬರುತ್ತಿರಲಿಲ್ಲ. ಮುಳಬಾಗಿಲು ಕಡೆಯ ಅಕ್ಕ ಒಬ್ಬರು ಹಾಲಿನ ಲೆಕ್ಕದ ಗೋಡೆ ಕ್ಯಾಲೆಂಡರನ್ನೇ ಕಿತ್ತುಕೊಂಡು ಬಂದರು. ಅರ್ಧ ಲೀಟರ್ ಅಂತ ಬರೆದಿದ್ದರ ಪಕ್ಕದಲ್ಲೇ ನೋವಿಗೊಂದು ಗೀಟು, ಮಾತ್ರೆಗೊಂದು ಸೊನ್ನೆ. ಜೆರಾಕ್ಸ್ ಮಾಡಿ ಫೈಲಿಗೆ ಸೇರಿಸಿದೆವು. ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಜೊತೆಗೆ, ನೋವಿಲ್ಲದ ದಿನಕ್ಕೂ ಒಂದು ಗುರುತು ಬೇಕು. ಖಾಲಿ ಬಿಟ್ಟರೆ ನೋವಿರಲಿಲ್ಲವೋ, ಬರೆಯೋಕೆ ಮರೆತರೋ, ಯಾರಿಗೆ ಗೊತ್ತು?

ಆ ಸೊನ್ನೆಗಳನ್ನೂ ಎಣಿಸಬೇಕು. ಸಾದಾ ಪ್ಯಾರಾಸಿಟಮಾಲ್ ತಿಂಗಳಿಗೆ 15 ದಿನ, ಟ್ರಿಪ್ಟಾನ್ (ಮೈಗ್ರೇನ್‌ಗೆಂದೇ ಇರುವ ಮಾತ್ರೆ) ಅಥವಾ ಮಿಶ್ರ ಮಾತ್ರೆ 10 ದಿನ ದಾಟಿ ತಿಂಗಳುಗಟ್ಟಲೆ ನುಂಗುತ್ತಿದ್ದರೆ ಮಾತ್ರೆಯೇ ತಲೆನೋವು ತರಬಹುದು. ಮೆಡಿಕಲ್ ಶಾಪಿನಲ್ಲಿ ಬಿಡಿ ಮಾತ್ರೆ ಸಿಗುವಾಗ ಈ ಲೆಕ್ಕ ಯಾರು ಇಟ್ಟಿರುತ್ತಾರೆ ಹೇಳಿ. ಮಾತ್ರೆ ಇಳಿಸಿದ ಮೇಲೆ ನೋವು ಕಡಿಮೆಯಾಗಿ ಪ್ರಯೋಗಕ್ಕೇ ಬೇಡವಾದವರೂ ಇದ್ದಾರೆ. ನಮಗೆ ಒಬ್ಬರು ಕಡಿಮೆಯಾದರು, ಅಷ್ಟೇ.

ಕಷ್ಟದ ಮಾತು ಉಪ್ಪು ನೀರಿನದು. ಅರ್ಧ ಜನಕ್ಕೆ ಮದ್ದಿನ ಬದಲು ಸಲೈನ್. "ಅದಕ್ಕಾ ಸಿಸ್ಟರ್ ಬಸ್ ಚಾರ್ಜ್ ಕೊಟ್ಟು ಬಂದಿದ್ದು?" ಅಂತ ಜೊತೆಗೆ ಬಂದ ಮಗ ಸಿಟ್ಟಾಗುತ್ತಾನೆ. ನ್ಯಾಯವೇ. ಆದರೆ ಜನ ಆಸ್ಪತ್ರೆಗೆ ಬರುವುದು ನೋವು ತುತ್ತತುದಿಯಲ್ಲಿದ್ದಾಗ. ಏನೂ ಮಾಡದಿದ್ದರೂ ಆಮೇಲೆ ಸ್ವಲ್ಪ ಇಳಿಯುತ್ತದೆ. ಮದ್ದಿನಿಂದ ಇಳಿಯಿತೋ, ತಾನಾಗೇ ಇಳಿಯಿತೋ ಅಂತ ತಿಳಿಯೋಕೆ ಸಲೈನ್ ಗುಂಪು ಬೇಕು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಸಣ್ಣ ತೂತು ಮುಚ್ಚಿದರೆ ಮೈಗ್ರೇನ್ ಹೋಗುತ್ತದೆ ಅಂತ ಒಂದು ಕಾಲಕ್ಕೆ ದೊಡ್ಡ ಆಸೆ ಇತ್ತು. ಬ್ರಿಟನ್ನಿನ ಮಿಸ್ಟ್ ಪ್ರಯೋಗದಲ್ಲಿ 147 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತೊಡೆಸಂದಿಯಿಂದ ನಳಿಕೆ ತೂರಿಸಿ ತೂತು ಮುಚ್ಚಿದರು, ಇನ್ನೊಂದಕ್ಕೆ ಅರಿವಳಿಕೆ ಕೊಟ್ಟು ತೊಡೆಸಂದಿಯಲ್ಲಿ ಗಾಯ ಮಾತ್ರ. 2008ರಲ್ಲಿ ಫಲಿತಾಂಶ ಬಂತು: ತಲೆನೋವು ಪೂರ್ತಿ ನಿಂತಿದ್ದು ಎರಡೂ ಕಡೆ ಮೂರು ಮೂರು ಜನಕ್ಕೆ!

ನಮ್ಮ ಇಂಜೆಕ್ಷನ್‌ನಲ್ಲಿ ಇನ್ನೊಂದು ತೊಡಕಿದೆ. ಮದ್ದು ಬಿದ್ದವರಿಗೆ ನೆತ್ತಿಯ ಹಿಂದೆ ಜೋಮು ಹಿಡಿಯುತ್ತದೆ, ಯಾರಿಗೆ ಯಾವುದು ಕೊಟ್ಟಿದ್ದು ಅನ್ನುವ ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಸಲೈನ್ ಗುಂಪಿಗೂ ಚರ್ಮ ಮರಗಟ್ಟುವಷ್ಟು ಮದ್ದು ಚೂರೇ ಚೂರು ಬೆರೆಸುತ್ತೇವೆ. ಹೊರಗೆ ಕಾಯುವಾಗ "ನಿಂಗೆ ಜೋಮು ಬಂತಾ?" ಅಂತ ಒಬ್ಬರನ್ನೊಬ್ಬರು ಕೇಳದ ಹಾಗೆ ಬೇರೆ ಬೇರೆ ದಿನ ಕರೆಸುತ್ತೇವೆ.

ಇದೆಲ್ಲ ನಾನು ಮೊದಲ ಭೇಟಿಯಲ್ಲೇ, ಒಪ್ಪಿಗೆ ಪತ್ರ ತೆಗೆಯುವ ಮೊದಲೇ, ಮನೆಯವರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಕೇಳಿ ಎದ್ದು ಹೋಗುವವರೂ ಇದ್ದಾರೆ. ಅವರ ಚೀಟಿ ಅದೇ ಓಪಿಡಿಗೆ ಹೋಗುತ್ತದೆ, ಮಾಮೂಲಿ ಚಿಕಿತ್ಸೆ ನಡೆಯುತ್ತದೆ.