'ಈಗ ಯಾವ ಟ್ರೆಂಡ್ ನಡೀತಿದೆ?' ಅಂತ ಕೇಳುವವರಿಗೆ

ಸಿನಿಮಾ ವಿಮರ್ಶೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ: 'ಈಗ ಯಾವ ಟ್ರೆಂಡ್ ನಡೀತಿದೆ ಸಾರ್? ಎಂಥ ಸಿನಿಮಾ ಓಡುತ್ತೆ?' ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಉತ್ತರ: ಗೊತ್ತಿಲ್ಲ. ಗೊತ್ತಿದ್ದಿದ್ದರೆ ವಿಮರ್ಶೆ ಬರೆದುಕೊಂಡು ಯಾಕಿರುತ್ತಿದ್ದೆ? ಗಾಂಧಿನಗರದಲ್ಲಿ ಆಫೀಸು ತೆಗೆದಿರುತ್ತಿದ್ದೆ.

ಒಂದು ಮದುವೆ ಊಟದಲ್ಲಿ ಹೀಗೇ ಆಯಿತು. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಕೂತವರು ಎಡಗೈಯಲ್ಲಿ ಮೊಬೈಲ್ ಹಿಡಿದು ಒಂದು ಪೋಸ್ಟರ್ ತೋರಿಸಿದರು. ಎದೆಯವರೆಗೆ ಗಡ್ಡ ಬಿಟ್ಟ ಹೀರೋ, ಮುಖಕ್ಕೆ ಮಸಿ, ಹಿಂದೆ ಹೊಗೆ, ಕಿಡಿ. ಸೈಟು ಮಾರಿದ ದುಡ್ಡಿದೆಯಂತೆ. 'ಪ್ಯಾನ್ ಇಂಡಿಯಾ ಸಾರ್, ಐದು ಭಾಷೆ' ಅಂದರು. ಕಥೆ ಏನು ಅಂದೆ. 'ಅದು ಆಗುತ್ತೆ ಬಿಡಿ. ಟ್ರೆಂಡ್ ಇದೇ ತಾನೇ?' ಅಷ್ಟರಲ್ಲಿ ತುಪ್ಪದವನು ನನ್ನನ್ನು ದಾಟಿ ಮುಂದೆ ಹೋಗಿದ್ದ. ಆ ಸಿಟ್ಟೂ ಈ ಬರಹದಲ್ಲಿ ಸ್ವಲ್ಪ ಇದೆ.

ಅವರೊಬ್ಬರನ್ನೇ ಅಂದು ಪ್ರಯೋಜನವಿಲ್ಲ. 1995ರಲ್ಲಿ 'ಓಂ' ಗೆದ್ದಿತು, ಆಮೇಲೆ ಬಂದವರೆಲ್ಲ ಮಚ್ಚು, ಲಾಂಗು ಹಿಡಿದರು. 2006ರ ಕೊನೆಗೆ 'ಮುಂಗಾರು ಮಳೆ' ಬಂತು. ಆಮೇಲೆ ಟ್ಯಾಂಕರ್ ನೀರು ತರಿಸಿ ಮಳೆ ಸುರಿಸಿದ್ದೇ ಸುರಿಸಿದ್ದು. ಬಾಯಿ ಮುಚ್ಚದೆ ವಟಗುಟ್ಟುವ ಹುಡುಗ ಕೊನೆಗೆ ಹುಡುಗಿಯನ್ನು ಬಿಟ್ಟುಕೊಟ್ಟು ಸುಮ್ನೆ ಹೊರಟುಬಿಡುತ್ತಾನಲ್ಲ, ಜನ ಅತ್ತಿದ್ದು ಅದಕ್ಕೆ. ಅದನ್ನು ಬಾಡಿಗೆಗೆ ತರೋಕಾಗಲ್ಲ. ನೀರಿನ ಟ್ಯಾಂಕರ್ ತರಬಹುದು. 2018ರಲ್ಲಿ 'ಕೆಜಿಎಫ್' ಗೆದ್ದ ಮೇಲೆ ಗಡ್ಡ, ಮಸಿ. ಹಿಟ್ಟಾದದ್ದನ್ನು ನೋಡಿ ಇವತ್ತು ಮುಹೂರ್ತ ಮಾಡಿದರೆ ಸಿನಿಮಾ ತೆರೆಗೆ ಬರೋಕೆ ವರ್ಷ, ಎರಡು ವರ್ಷ ಬೇಕು. ಅಷ್ಟರಲ್ಲಿ ಜನ ಬೇರೆ ಏನನ್ನೋ ಮೆಚ್ಚಿಕೊಂಡಿರುತ್ತಾರೆ.

ನಮ್ಮ ವಿಮರ್ಶಕರೇನು ಕಮ್ಮಿ ಇಲ್ಲ. ಒಂದೇ ಥರದ ಮೂರು ಸಿನಿಮಾ ಬಂದರೆ ಸಾಕು, 'ಹೊಸ ಅಲೆ' ಅಂತ ಅರ್ಧ ಪುಟ ಇಳಿಸುತ್ತಾರೆ. 2022ರಲ್ಲಿ 'ಕಾಂತಾರ' ಗೆದ್ದಾಗ ಎಲ್ಲೆಲ್ಲೂ ಕರಾವಳಿ ಟ್ರೆಂಡಿನ ಮಾತು. ಆದರೆ 2014ರಲ್ಲೇ ರಕ್ಷಿತ್ ಶೆಟ್ಟಿ 'ಉಳಿದವರು ಕಂಡಂತೆ' ಮಾಡಿದ್ದರು. ಮಲ್ಪೆಯ ಕಡಲು, ಹುಲಿವೇಷ, ಆ ಸೀಮೆಯ ಕನ್ನಡ, ಎಲ್ಲ ಅದರಲ್ಲಿತ್ತು. 'ಕಾಂತಾರ'ದ ರಿಷಬ್ ಶೆಟ್ಟಿ ಕೂಡ ಇದ್ದರು, ನಟನಾಗಿ. ಥಿಯೇಟರಿನಲ್ಲಿ ಅಂಥ ದೊಡ್ಡ ಓಟ ಕಾಣಲಿಲ್ಲ. ತಲೆ ಮೇಲೆ ಹೊತ್ತು ಮೆರೆಸಿದ್ದೆಲ್ಲ ಆಮೇಲೆ.

ಹಾಗಾಗಿ ಕೇಳೋದಾದರೆ ಇದನ್ನು ಕೇಳಿ: ಓಡಬೇಕಾಗಿದ್ದ ಸಿನಿಮಾ ಯಾಕೆ ಓಡಲಿಲ್ಲ? ಆಗ ಟ್ರೆಂಡ್ ಬಿಟ್ಟು ಶೋಗಳ ಬಗ್ಗೆ ಮಾತಾಡಬಹುದು. ಹೆಸರಿಲ್ಲದವರ ಸಣ್ಣ ಸಿನಿಮಾಕ್ಕೆ ಮಲ್ಟಿಪ್ಲೆಕ್ಸಿನಲ್ಲಿ ಸಿಗೋದು ಎಷ್ಟೋ ಸಲ ಬೆಳಗಿನ ಒಂದು ಶೋ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಆಫೀಸು ಬಿಟ್ಟು ಯಾರು ಬರ್ತಾರೆ? ಸೀಟು ಖಾಲಿ ಇದೆ ಅಂತ ಅದನ್ನೂ ತೆಗೀತಾರೆ. ನೋಡಿದ ನಾಲ್ಕು ಜನ ಶನಿವಾರ, ಭಾನುವಾರ 'ಚೆನ್ನಾಗಿದೆ, ಹೋಗಿ' ಅಂತ ಫೋನ್ ಮಾಡಿ ಹೇಳ್ತಾರೆ. ಸೋಮವಾರ ನೀವು ಬುಕ್ ಮಾಡೋಕೆ ಹೋದರೆ ಆ್ಯಪ್‌ನಲ್ಲಿ ಅದರ ಹೆಸರೇ ಇರಲ್ಲ. ಆ ಶೋ ಯಾರು ತೆಗೆದರು, ಆ ಜಾಗಕ್ಕೆ ಯಾವುದನ್ನು ಹಾಕಿದರು ಅಂತ ಕೇಳಿ. ಊಟ ಬಿಟ್ಟು ಬೇಕಾದರೂ ಹೇಳ್ತೀನಿ.