ಕಾಕಾನ ವಯಸ್ಸು ಹುಡುಕಿದ ದಿನ

ಬೀಳಗಿ ತಾಲೂಕಿನ ನಮ್ಮೂರು ಈಗಿರುವುದು ಪುನರ್ವಸತಿ ಕೇಂದ್ರದಲ್ಲಿ. ಹಳೆ ಊರು ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಕಾಕಾ ಇವತ್ತಿಗೂ ಅದರ ಮೇಲೆಯೇ ತೆಪ್ಪ ಹಾಕಿ ಮೀನು ಹಿಡಿಯುತ್ತಾನೆ. ಸಂಜೆ ಬಲೆ ಬಿಟ್ಟು ಬಂದು, ನಸುಕಿನಲ್ಲಿ ಹೋಗಿ ಎತ್ತಬೇಕು. ನೀರು ಇಳಿದಾಗ ಬಲೆ ಒಮ್ಮೊಮ್ಮೆ ಹಳೆ ಗೋಡೆಗಳಿಗೆ ಸಿಕ್ಕು ಹರಿಯುತ್ತದೆ. "ಯಾರ ಮನಿ ಗ್ವಾಡಿ ಅಂತ ಸೈತ ನನಗ ಗೊತ್ತೈತಿ" ಅಂತಾನೆ.

ಈ ವರ್ಷ ಅವನ ಮೊಣಕಾಲು ಸೋತಿವೆ. ದೊಡ್ಡ ಕಾಟ್ಲಾ ಮೀನು ಬಿದ್ದರೆ ಒಬ್ಬನೇ ಎಳೆಯೋಕೆ ಆಗಲ್ಲ. ನಾನು ಒಂದು ದಿನ ರಜೆ ಹಾಕಿ, ಅವನನ್ನು ಬೈಕ್ ಮೇಲೆ ಕೂರಿಸಿಕೊಂಡು ಕಚೇರಿಗೆ ಹೋದೆ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ತುಂಬಿದ ಬಡ ಮೀನುಗಾರರಿಗೂ ತಿಂಗಳಿಗೆ 1,200 ರೂಪಾಯಿ ಇದೆ. ನಮ್ಮ ಕಡೆ ಇದಕ್ಕೆ ಪಿಂಚಣಿ ಅನ್ನೋದು ಕಡಿಮೆ, ಪಗಾರ ಅಂತಲೇ ಹೇಳ್ತಾರೆ. ಜೀವನದಲ್ಲಿ ಒಂದು ದಿನವೂ ಪಗಾರ ಕಾಣದ ಕಾಕಾ ಅವತ್ತು ಮದುವೆಗೆ ಹೊಲಿಸಿದ ಅಂಗಿ ಹಾಕಿಕೊಂಡಿದ್ದ.

ಕೌಂಟರಿನ ಹುಡುಗ ಆಧಾರ್ ಕಾರ್ಡ್ ನೋಡಿ ತಿರುಗಿಸಿ ಕೊಟ್ಟ. ಹುಟ್ಟಿದ ದಿನ 01-01-1968. ಅಂದರೆ 57. ಸಂಧ್ಯಾ ಸುರಕ್ಷಾ ಬಿಡಿ, 60ಕ್ಕೆ ಸಿಗುವ ವೃದ್ಧಾಪ್ಯ ವೇತನಕ್ಕೂ ಆಗಲ್ಲ. ಊರಲ್ಲಿ ಆಧಾರ್ ಕ್ಯಾಂಪ್ ಮಾಡಿದಾಗ ಮುಖ ನೋಡಿ ಅಂದಾಜಿಗೆ ಬರೆದ ವರ್ಷ ಅದು.

"ಆಲಮಟ್ಟಿ ಡ್ಯಾಮಿಗೆ ಅಡಿಗಲ್ಲ ಹಾಕಿದ ದಿನ ನಮ್ಮಪ್ಪ ನನ್ನ ಹೆಗಲ ಮ್ಯಾಲೆ ಕೂಡ್ರಿಸಿಕೊಂಡ ಹೋಗಿದ್ದರೀ" ಅಂದ ಕಾಕಾ. ಲಾಲ್ ಬಹಾದ್ದೂರ್ ಶಾಸ್ತ್ರೀಜಿ ಅಡಿಗಲ್ಲು ಹಾಕಿದ್ದು 1964ರ ಮೇ 22ಕ್ಕೆ. ಆಧಾರ್ ಪ್ರಕಾರ ಆಗ ಕಾಕಾ ಹುಟ್ಟಿಯೇ ಇಲ್ಲ! ಹುಡುಗ ಪಾಪ, ಒಳ್ಳೆಯವನೇ. ಆದರೆ ಕಂಪ್ಯೂಟರ್ ಹೆಗಲ ಮೇಲಿನ ನೆನಪನ್ನು ತಗೊಳ್ಳಲ್ಲ ಅಲ್ವಾ.

ಹೊರಗೆ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಾ ಯೋಚಿಸಿದೆ. ಮೀನುಗಾರ ನೀರಲ್ಲಿ ಸತ್ತರೆ, ಹೆಸರು ನೋಂದಾಯಿಸಿದ್ದರೆ, ಮತ್ಸ್ಯ ಸಂಪದಾ ಯೋಜನೆಯ ವಿಮೆಯಲ್ಲಿ ಮನೆಯವರಿಗೆ 5 ಲಕ್ಷ. ಒಳ್ಳೆಯದೇ. ಆದರೆ ಸಾಯದೆ, ಸುಮ್ನೆ ವಯಸ್ಸಾದರೆ? 2019ರಲ್ಲಿ ಬಂದ ಶ್ರಮಯೋಗಿ ಮಾನಧನ್ ಯೋಜನೆ ಸೇರೋಕೆ 40ರ ಒಳಗಿರಬೇಕು. ಕಾಕಾನ ಮಗನಿಗೆ 29. ಅವನು ತಿಂಗಳಿಗೆ 100 ಕಟ್ಟಿದರೆ ಸರ್ಕಾರವೂ ಅಷ್ಟೇ ಹಾಕುತ್ತದೆ, 60ರ ನಂತರ ತಿಂಗಳಿಗೆ 3,000 ಬರುತ್ತದೆ. ಅವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಕಾಕಾನಿಗೆ ಮಾತ್ರ ಆ ದಾರಿ ಯಾವತ್ತೂ ಇರಲಿಲ್ಲ.

"ಕಾಕಾ, ನೀ ಸಾಲಿಗೆ ಹೋಗಿದ್ದಿ?"

"ಎರಡನೇತ್ತ ತನಕ."

ನೇರ ಊರ ಶಾಲೆಗೆ ಬಂದೆವು. ಮುಳುಗಡೆಯಾದಾಗ ಶಾಲೆಯ ಟ್ರಂಕುಗಳೂ ಹೊಸ ಊರಿಗೆ ಬಂದಿದ್ದವು. ಹೆಡ್‌ಮಾಸ್ತರರು ಬೇಸರ ಮಾಡಿಕೊಳ್ಳದೆ ಹಳೆ ದಾಖಲಾತಿ ಪುಸ್ತಕ ತೆಗೆದರು. ಅಂಚು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗುವ ಹಾಳೆಗಳು. ಮುಕ್ಕಾಲು ಗಂಟೆ ಹುಡುಕಿದೆವು. 1965ರ ಹಾಳೆಯಲ್ಲಿ ಕಾಕಾನ ಹೆಸರು, ಅಜ್ಜನ ಹೆಸರು, ಹುಟ್ಟಿದ ದಿನ 1-6-1959. ಜೂನ್ ಒಂದು ಅಂತ ಆ ಕಾಲದ ಮಾಸ್ತರರು ಎಲ್ಲ ಮಕ್ಕಳಿಗೂ ಬರೆಯುತ್ತಿದ್ದರು, ಅದೂ ಅಂದಾಜೇ. ಆದರೆ ಎದುರಿಗೆ ಮಗುವನ್ನು ನಿಲ್ಲಿಸಿಕೊಂಡು ಬರೆದ ಅಂದಾಜು.

ಕೊನೆಯ ಕಾಲಂ, ಶಾಲೆ ಬಿಟ್ಟ ಕಾರಣ: ಸತತ ಗೈರುಹಾಜರಿ. ನಾನು ಓದಿ ಹೇಳಿದೆ.

ಕಾಕಾ ನೈಲಾನ್ ದಾರ ಕೊಯ್ದು ಗೀರು ಬಿದ್ದ ಬೆರಳನ್ನು ಆ ಸಾಲಿನ ಮೇಲೆ ಮೆಲ್ಲಗೆ ಇಟ್ಟ. "ಗೈರ ಎಲ್ಲಿ ತಮ್ಮಾ, ಅಪ್ಪನ ಸಂಗಾಟ ಹೊಳ್ಯಾಗ ಇದ್ನೆಲ್ಲ" ಅಂದ.

ಶಾಲೆಯ ದಾಖಲೆ ಕೊಟ್ಟು ಆಧಾರ್ ತಿದ್ದುಪಡಿಗೆ ಹಾಕಿದ್ದೇವೆ. ಅದು ಸರಿಯಾಗಿ ಬಂದ ಮೇಲೆ ಮತ್ತೆ ಆ ಕೌಂಟರಿಗೆ ಹೋಗಬೇಕು. ಅಲ್ಲಿವರೆಗೆ ಕಾಕಾನಿಗೆ ಆಧಾರ್ ಪ್ರಕಾರ 57. ನಿನ್ನೆ ನಸುಕಿನಲ್ಲೂ ಬಲೆ ಎತ್ತೋಕೆ ಹೋಗಿದ್ದ.