ಯಾಜಕ ಹುಟ್ಟಿನಿಂದಲೇ ಅಂದ್ಮೇಲೆ ದೇವರ ಕರೆ ಯಾಕೆ?

ನಾನು ಹಳೆಯ ಒಡಂಬಡಿಕೆಯ, ಅಂದರೆ ಬೈಬಲ್ಲಿನ ಮೊದಲ ಭಾಗದ, ಪಾಠ ಹೇಳುತ್ತೇನೆ ಅಂತ ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ. "ನಿಮ್ಮ ಬೈಬಲ್ಲಲ್ಲೂ ಪೂಜಾರಿಕೆ ಅಪ್ಪನಿಂದ ಮಗನಿಗೇ ಅಂತೆ. ಮತ್ತೆ ದೇವರು ಕರೀತಾನೆ ಅಂತ ಯಾಕೆ ಹೇಳ್ತೀರಿ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನೇರ ಉತ್ತರ. ಹೌದು, ಹುಟ್ಟಿನಿಂದಲೇ. ಇಸ್ರಾಯೇಲಿನಲ್ಲಿ ಯಾಜಕ, ಅಂದರೆ ದೇವರಿಗೆ ಬಲಿ ಅರ್ಪಿಸುವ ಪೂಜಾರಿ, ಆಗಬೇಕಾದರೆ ಜನರ ನಾಯಕ ಮೋಶೆಯ ಅಣ್ಣ ಆರೋನನ ವಂಶದಲ್ಲಿ ಗಂಡಾಗಿ ಹುಟ್ಟಬೇಕಿತ್ತು. ಆರೋನ ಹುಟ್ಟಿದ ಲೇವಿ ಕುಲದ ಉಳಿದವರಿಗೆ ಆರಾಧನೆಯ ಗುಡಾರ ಹೊರುವ, ಕಾಯುವ ಕೆಲಸ ಇತ್ತು, ಯಜ್ಞವೇದಿಯ ಕೆಲಸ ಇರಲಿಲ್ಲ. ಬಾಬೆಲಿನವರು ಸೆರೆ ಒಯ್ದಿದ್ದ ಜನ ಊರಿಗೆ ವಾಪಸ್ ಬಂದಾಗ, ವಂಶಾವಳಿಯಲ್ಲಿ ಹೆಸರು ಸಿಗದ ಕೆಲವು ಮನೆತನಗಳನ್ನು ಯಾಜಕರ ಕೆಲಸದಿಂದ ಹೊರಗಿಟ್ಟರು ಅಂತ ಎಜ್ರನ ಪುಸ್ತಕದಲ್ಲಿದೆ. ಮೈಯಲ್ಲಿ ಊನ ಇದ್ದವನು ಆ ವಂಶದವನೇ ಆಗಿದ್ದರೂ ವೇದಿಯ ಹತ್ತಿರ ಹೋಗುವ ಹಾಗಿರಲಿಲ್ಲ. ಯಾಜಕರ ಪಾಲಿನ ಊಟ ಮಾತ್ರ ಮಾಡಬಹುದಿತ್ತು. ಅದನ್ನು ಓದುವಾಗ ನನಗೂ ಕಷ್ಟವಾಗುತ್ತದೆ. ಮುಚ್ಚಿಡೋದಕ್ಕೆ ನನಗೆ ಇಷ್ಟ ಇಲ್ಲ.

ಕರೆ ಬೇರೆ ದಾರಿ. ಅದು ಹೆಚ್ಚಾಗಿ ಬರುವುದು ಪ್ರವಾದಿಗಳಿಗೆ, ಅಂದರೆ ದೇವರ ಮಾತನ್ನು ಜನರಿಗೆ ಹೇಳುವವರಿಗೆ, ಅದೂ ಹೇಳದೆ ಕೇಳದೆ. ಆಮೋಸ ತೆಕೋವದ ಕುರಿ ಕಾಯುವವನು, ಅತ್ತಿಮರ ನೋಡಿಕೊಳ್ಳುವವನು. ಬೇತೇಲಿನ ಯಾಜಕ ಅಮಚ್ಯ "ನಿನ್ನ ಊರಿಗೆ ಓಡಿಹೋಗು, ಇದು ರಾಜನ ದೇವಸ್ಥಾನ" ಅಂತ ಗದರಿದಾಗ ಅವನು ಹೇಳಿದ್ದು ಇಷ್ಟೇ: ನಾನು ಪ್ರವಾದಿಯಲ್ಲ, ಪ್ರವಾದಿಯ ಮಗನೂ ಅಲ್ಲ, ಮಂದೆಯ ಹಿಂದೆ ಹೋಗುತ್ತಿದ್ದವನನ್ನು ದೇವರು ಹಿಡಿದು ಕಳಿಸಿದ.

ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ನನಗೆ ಸಿಟ್ಟು ಬರುವುದು ಕೇಳುವ ರೀತಿಗೆ.

ಪರಿಚಯದವರೊಬ್ಬರ ಗೃಹಪ್ರವೇಶದಲ್ಲಿ ಊಟಕ್ಕೆ ಕೂತಿದ್ದೆವು. ಪಕ್ಕದ ಹಿರಿಯರು ಇದೇ ಪ್ರಶ್ನೆ ಕೇಳಿದರು. ನಾನು ಆರೋನನ ಹೆಸರು ಎತ್ತುವಷ್ಟರಲ್ಲಿ ಎದುರಿನವರು "ಬಿಡಿ ಸಾರ್, ಎಲ್ಲಾ ಕಡೆ ಅಷ್ಟೇ" ಅಂದರು. ಇಬ್ಬರೂ ನಕ್ಕರು. ಅಷ್ಟರಲ್ಲಿ ಪಾಯಸ ಬಂತು, ಮಾತು ಸೈಟಿನ ರೇಟಿಗೆ ಹೋಯಿತು. ಕೇಳುವುದಾದರೆ ಉತ್ತರಕ್ಕೆ ಎರಡು ನಿಮಿಷ ಕಾಯಬೇಕು ಅಲ್ವಾ? ಅದಕ್ಕಿಂತ ಜಾಸ್ತಿ ಚುಚ್ಚಿದ್ದು "ಅಷ್ಟೇ ಬಿಡಿ" ಅನ್ನುವ ಮಾತು. ಯಾಕಂದರೆ ಆ ಗ್ರಂಥ ಯಾಜಕರನ್ನು ಸುಮ್ನೆ ಬಿಟ್ಟಿಲ್ಲ. ನಿಮ್ಮ ಪ್ರಶ್ನೆಯನ್ನು ಲೇವಿ ಕುಲದ ಕೋರಹ ಮರುಭೂಮಿಯಲ್ಲೇ ಮೋಶೆ, ಆರೋನರಿಗೆ ಕೇಳಿದ್ದ. "ಜನರೆಲ್ಲರೂ ಪರಿಶುದ್ಧರೇ, ನೀವು ಯಾಕೆ ನಮ್ಮ ಮೇಲೆ ಕೂತಿದ್ದೀರಿ?" ಅಂತ 250 ಮುಖಂಡರನ್ನು ಕಟ್ಟಿಕೊಂಡು ಬಂದ. ಅವರೆಲ್ಲ ಘೋರವಾಗಿ ಸತ್ತರು. ಆದರೆ ಅವನ ಮಾತನ್ನು ಗ್ರಂಥ ಅಳಿಸಿಲ್ಲ. ಸೀನಾಯಿ ಬೆಟ್ಟದಲ್ಲಿ ದೇವರೇ ಇಡೀ ಜನಾಂಗವನ್ನು ಯಾಜಕರ ರಾಜ್ಯ ಅಂತ ಕರೆದದ್ದೂ ಅಲ್ಲೇ ಇದೆ.

ಯಾರಾದರೂ ಒಬ್ಬರು ನನ್ನನ್ನು ಹೀಗೆ ಕೇಳಬಾರದೇ ಅಂತ ಅನಿಸುತ್ತದೆ: ಹುಟ್ಟಿನಿಂದ ಯಾಜಕನಾದವನು ಕೆಟ್ಟರೆ ಅವನಿಗೆ ಹೇಳುವವರು ಯಾರು?

ಅದಕ್ಕೆ ಶೀಲೋಗೆ ಹೋಗಬೇಕು, ಯೆರೂಸಲೇಮಿನ ದೇವಾಲಯಕ್ಕೂ ಮುಂಚೆ ಜನ ಬಲಿ ಕೊಡಲು ಹೋಗುತ್ತಿದ್ದ ಊರು ಅದು. ಅಲ್ಲಿ ಏಲಿ ಯಾಜಕ. ಅವನ ಮಕ್ಕಳು ಹೊಫ್ನಿ ಮತ್ತು ಫೀನೆಹಾಸ. ಬಲಿಯ ಮಾಂಸ ಬೇಯುತ್ತಿರುವಾಗ ಯಾಜಕನ ಆಳು ಮೂರು ಮುಳ್ಳಿನ ಕೊಂಡಿ ಹಿಡಿದು ಬರುತ್ತಿದ್ದ. ಹಂಡೆಗೋ ಮಡಕೆಗೋ ಚುಚ್ಚಿ ಎತ್ತಿದರೆ ಸಿಕ್ಕಿದ್ದೆಲ್ಲ ಯಾಜಕನಿಗೆ. ಅಷ್ಟೂ ಸಾಲದೆ ಇವರು ಕೊಬ್ಬನ್ನು ದೇವರಿಗೆ ಸುಡುವ ಮೊದಲೇ ಹಸಿ ಮಾಂಸ ಕೇಳುತ್ತಿದ್ದರು. "ಮೊದಲು ಕೊಬ್ಬು ಸುಡಲಿ, ಆಮೇಲೆ ಬೇಕಾದಷ್ಟು ತಗೊಳ್ಳಿ" ಅಂತ ಭಕ್ತ ಬೇಡಿಕೊಂಡರೆ, ಈಗಲೇ ಕೊಡು, ಇಲ್ಲದಿದ್ದರೆ ಕಿತ್ಕೊಳ್ತೀನಿ ಅನ್ನುವ ಉತ್ತರ. ಸೇವೆಗೆ ಬರುವ ಹೆಂಗಸರನ್ನೂ ಬಿಡಲಿಲ್ಲ. ಮುದುಕ ಅಪ್ಪ ಬೈದ. ಮಕ್ಕಳು ಕೇಳಲಿಲ್ಲ. ಅವನು ಅವರನ್ನು ಕೆಲಸದಿಂದ ತೆಗೆಯಲೂ ಇಲ್ಲ.

ಅದೇ ಜಾಗದಲ್ಲಿ ಸಮುವೇಲ ಅನ್ನುವ ಹುಡುಗ ಇದ್ದ. ಆರೋನನ ಮನೆಯವನಲ್ಲ. ತಾಯಿ ಹನ್ನ ಹರಕೆ ಹೊತ್ತು ಪಡೆದ ಮಗ, ಮೊಲೆ ಬಿಡಿಸಿದ ಮೇಲೆ ತಂದು ಒಪ್ಪಿಸಿದ್ದಳು. ಪ್ರತಿ ವರ್ಷ ಬಲಿಗೆ ಬರುವಾಗ ಒಂದು ಪುಟ್ಟ ನಿಲುವಂಗಿ ಹೊಲಿದು ತರುತ್ತಿದ್ದಳು. ಆ ನಿಲುವಂಗಿಯ ಸಾಲು ಬಂದಾಗಲೆಲ್ಲ ನಾನು ಪಾಠ ನಿಲ್ಲಿಸುತ್ತೇನೆ. ಮಗ ವರ್ಷದಲ್ಲಿ ಎಷ್ಟು ಬೆಳೆದಿರಬಹುದು ಅಂತ ಮನೆಯಲ್ಲೇ ಕೂತು ಅಂದಾಜು ಮಾಡಿ ಹೊಲಿಯಬೇಕಿತ್ತಲ್ಲ ಆ ತಾಯಿ.

ಒಂದು ರಾತ್ರಿ ಯಾರೋ ಹೆಸರು ಹಿಡಿದು ಕರೆದರು. ಹುಡುಗ ಏಲಿಯ ಹತ್ತಿರ ಓಡಿದ. "ನಾನು ಕರೆದಿಲ್ಲ, ಹೋಗಿ ಮಲಗು." ಮತ್ತೆ ಹಾಗೇ ಆಯಿತು. ಮೂರನೇ ಸಲ ಓಡಿ ಬಂದಾಗ ಕಣ್ಣು ಮಂಜಾದ ಆ ಮುದುಕನಿಗೆ ಹೊಳೆಯಿತು, ಕರೆಯುತ್ತಿರುವುದು ದೇವರು. ಹೇಗೆ ಉತ್ತರ ಕೊಡಬೇಕು ಅಂತ ಅವನೇ ಹೇಳಿಕೊಟ್ಟ: "ಅಪ್ಪಣೆಯಾಗಲಿ, ನಿನ್ನ ದಾಸ ಕೇಳುತ್ತಿದ್ದೇನೆ ಅನ್ನು." ಹುಡುಗ ಹಾಗೇ ಅಂದ. ಬಂದ ಸುದ್ದಿ ಏನು? ಏಲಿಯ ಮನೆತನ ಮುಗಿಯಿತು ಅಂತ. ಬೆಳಿಗ್ಗೆ ಬಾಗಿಲು ತೆರೆದ ಹುಡುಗ ಹೆದರಿ ಬಾಯಿ ಬಿಡಲಿಲ್ಲ. ಏಲಿ "ಮಗನೇ" ಅಂತ ಕರೆದು, ಒಂದು ಮಾತೂ ಮುಚ್ಚಿಡಬೇಡ ಅಂದ. ಪೂರ್ತಿ ಕೇಳಿದ ಮೇಲೆ ಹೇಳಿದ, "ಆತನು ಯೆಹೋವನು, ತನಗೆ ಸರಿ ಕಂಡದ್ದನ್ನು ಮಾಡಲಿ."

ಮಕ್ಕಳ ವಿಷಯದಲ್ಲಿ ಏಲಿ ಸೋತ. ಅದನ್ನು ನಾನು ಒಪ್ಪುತ್ತೇನೆ. ಆದರೆ ತನ್ನ ಮನೆಯ ನಾಶದ ಸುದ್ದಿಯನ್ನು ಒಬ್ಬ ಹುಡುಗನ ಬಾಯಿಂದ ಕೇಳಿ, ಆ ಹುಡುಗನ ಮೇಲೆ ಕೈ ಎತ್ತದ ಯಾಜಕನ ಬಗ್ಗೆ ನನಗೆ ತುಂಬಾ ಗೌರವ ಇದೆ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಏಲಿಯ ವಂಶದ ಎಬ್ಯಾತಾರನನ್ನು ರಾಜ ಸೊಲೊಮೋನ ಯಾಜಕತ್ವದಿಂದ ತೆಗೆದು, ಯೆರೂಸಲೇಮಿನ ಹತ್ತಿರದ ಅನಾತೋತ್ ಊರಿನ ಅವನ ಹೊಲಕ್ಕೆ ಕಳಿಸಿದ. 300ಕ್ಕೂ ಹೆಚ್ಚು ವರ್ಷ ಕಳೆದು, ಕ್ರಿ.ಪೂ. 627ರ ಸುಮಾರಿಗೆ, ಅದೇ ಅನಾತೋತಿನ ಯಾಜಕರ ಮನೆಯ ಯುವಕನೊಬ್ಬನಿಗೆ ಕರೆ ಬಂತು. ಅವನೇ ಯೆರೆಮೀಯ. ಎಬ್ಯಾತಾರನ ವಂಶದವನೇ ಅಂತ ಗ್ರಂಥ ಹೇಳುವುದಿಲ್ಲ. ಆದರೆ ಊರು ಅದೇ. ಹುಟ್ಟಿನ ಪ್ರಶ್ನೆ ಕೇಳುವವರು ಅವನಿಗೆ ದೇವರು ಹೇಳಿದ ಮೊದಲ ಮಾತು ನೋಡಬೇಕು: ನಿನ್ನನ್ನು ಗರ್ಭದಲ್ಲಿ ರೂಪಿಸುವ ಮೊದಲೇ ನಿನ್ನನ್ನು ಬಲ್ಲೆ. ನಾನಿನ್ನೂ ಹುಡುಗ, ಮಾತಾಡೋಕೆ ಬರಲ್ಲ ಅಂತ ಅವನು ತಪ್ಪಿಸಿಕೊಳ್ಳಲು ನೋಡಿದ. ಆಗಲಿಲ್ಲ.

ಮುಂದೆ ಅವನು ಯೆರೂಸಲೇಮಿನ ದೇವಾಲಯದ ಬಾಗಿಲಲ್ಲಿ ನಿಂತು, ಹಾಳಾದ ಶೀಲೋಗೆ ಏನಾಯಿತು ಹೋಗಿ ನೋಡಿ, ಈ ಆಲಯಕ್ಕೂ ಅದೇ ಗತಿ ಅಂದ. ಪಷ್ಹೂರ ಅನ್ನುವ ಯಾಜಕ, ದೇವಾಲಯದ ಮುಖ್ಯ ಅಧಿಕಾರಿ, ಅವನನ್ನು ಹೊಡೆಸಿ ರಾತ್ರಿಯಿಡೀ ಕೋಳಕ್ಕೆ ಹಾಕಿಸಿದ. ಪಷ್ಹೂರ ಹುಟ್ಟಿನಲ್ಲಿ ಏಲಿಗೆ ಏನೂ ಕಡಿಮೆ ಇರಲಿಲ್ಲ. ಸ್ವಂತ ಊರಾದ ಅನಾತೋತಿನವರೇ ಯೆರೆಮೀಯನನ್ನು ಕೊಲ್ಲಲು ಹೊಂಚು ಹಾಕಿದ್ದರು. ಕೋಳದ ಕಥೆ ಇರುವ ಅಧ್ಯಾಯದಲ್ಲೇ ಅವನು ದೇವರ ಜೊತೆ ಜಗಳ ಆಡುತ್ತಾನೆ. ಇನ್ನು ನಿನ್ನ ಹೆಸರೆತ್ತಲ್ಲ ಅಂದುಕೊಂಡರೆ ನನ್ನ ಎಲುಬಿನೊಳಗೆ ಬೆಂಕಿ ಇಟ್ಟ ಹಾಗಾಗುತ್ತದೆ, ತಡೆದು ತಡೆದು ಸಾಕಾಯಿತು ಅನ್ನುತ್ತಾನೆ. ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. ಆದರೂ ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಆ ದೇವಾಲಯವನ್ನು ಸುಟ್ಟುಹಾಕುವವರೆಗೂ, ಆಮೇಲೆ ಐಗುಪ್ತಕ್ಕೆ ಓಡಿದವರು ಅವನನ್ನೂ ಜೊತೆಗೆ ಕರೆದೊಯ್ದ ಮೇಲೂ, ಅವನು ಹೇಳುವುದನ್ನು ಬಿಡಲಿಲ್ಲ.